ಮರಳಿ ಬಾರದ ವಿಮಾನ ಮತ್ತು ನಾನು ಮಾಡಿದ ಡೆಕ್ ಪಟ್ಟಿ



ಈ ಸಲ ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ.

ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಹಾಲ್‌ನಲ್ಲಿ ನಡೆಯುವ ಪೋಕೆಮಾನ್ ಕಾರ್ಡ್ ಆಟ ನಿಮಗೆಲ್ಲ ಗೊತ್ತೇ ಇದೆ. ಫೋನಿನಲ್ಲಿ ಆಡುವ 'ಪಾಕೆಟ್' ಆಟ, 20 ಕಾರ್ಡಿನ ಡೆಕ್, ಮೊದಲು 3 ಪಾಯಿಂಟ್ ಮಾಡಿದವರು ಗೆದ್ದಂತೆ. ಎಂಟು ಜನ ಸೇರಿ ಮೂರು ಭಾನುವಾರ ಸಣ್ಣ ಟೂರ್ನಮೆಂಟ್ ಮಾಡಿದೆವು. ಪ್ರತಿ ಭಾನುವಾರ ಮೂರು ಸುತ್ತು. ಫಲಿತಾಂಶವನ್ನೆಲ್ಲ ನಾನೇ ಬರೆದುಕೊಂಡೆ. ಬಿಎಸ್ಸಿಯಲ್ಲಿ ಸಂಖ್ಯಾಶಾಸ್ತ್ರ ಓದಿದವನಲ್ಲವೇ, ಕೈ ಸುಮ್ಮನಿರಲಿಲ್ಲ. ಎಕ್ಸೆಲ್‌ನಲ್ಲಿ ಹಾಕಿ, ಪ್ರತಿ ಡೆಕ್‌ನ ಗೆಲುವಿನ ಶೇಕಡಾ ತೆಗೆದು, ಎಸ್, ಎ, ಬಿ, ಸಿ, ಡಿ ಎಂದು ದರ್ಜೆ ಕೊಟ್ಟು, ಬಣ್ಣ ಹಚ್ಚಿ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಹೆಬ್ಬೆರಳು ತೋರಿಸಿದರು. ನನಗೂ ಖುಷಿಯಾಯಿತು.

ಮುಂದಿನ ಭಾನುವಾರ ಎರಡು ಸಂಗತಿ ನಡೆದವು.

ಮೊದಲನೆಯದು, ಒಬ್ಬ ಹುಡುಗನ ತಾಯಿ ಪೂಜೆ ಮುಗಿದ ಮೇಲೆ ನನ್ನನ್ನು ನಿಲ್ಲಿಸಿ ಕೇಳಿದರು: "ಏನಪ್ಪಾ, ಆ ಡೆಕ್ ಇಲ್ಲದಿದ್ದರೆ ಗೆಲ್ಲೋಕೇ ಆಗಲ್ಲ ಅಂತ ನೀನೇ ಹೇಳಿದೆಯಂತೆ? ಪ್ಯಾಕ್ ತಗೋಬೇಕು, ದುಡ್ಡು ಕೊಡು ಅಂತ ಮನೇಲಿ ಒಂದೇ ಹಟ." ಅವರು ತೋಟದಲ್ಲಿ ಎಲೆ ಕೀಳುವ ಕೆಲಸ ಮಾಡುವವರು. ನನಗೆ ಉತ್ತರ ಹೊಳೆಯಲಿಲ್ಲ.

ಎರಡನೆಯದು, ಮಸಿನಗುಡಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಂಬತ್ತನೇ ತರಗತಿಯ ಹುಡುಗ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಫೋನ್ ಮಾಡಿದೆ. "ಅಣ್ಣಾ, ನಂದು ಡಿ ಅಲ್ವಾ, ಸುಮ್ನೆ ಯಾಕೆ ಬರೋದು" ಅಂದ.

ಅವತ್ತು ರಾತ್ರಿ ಕುಳಿತು ನನ್ನದೇ ಪಟ್ಟಿಯನ್ನು ಮತ್ತೆ ಬಿಡಿಸಿ ನೋಡಿದೆ. ಅಲ್ಲಿ ಕಂಡದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಆ ಹುಡುಗನ ಹೆಸರಿನ ಮುಂದೆ 9 ಆಟ, 3 ಗೆಲುವು ಎಂದಿತ್ತು. ಅಂದರೆ ಶೇ 33, ಎಲ್ಲರಿಗಿಂತ ಕೆಳಗೆ. ಆದರೆ ಅವನು ಒಂದು ಭಾನುವಾರವೂ ಮೂರನೇ ಸುತ್ತು ಆಡಿರಲಿಲ್ಲ. ಬಸ್ಸಿಗೆ ಹೊತ್ತಾಗುತ್ತದೆ ಎಂದು ಎರಡು ಸುತ್ತು ಮುಗಿಸಿ ಓಡುತ್ತಿದ್ದ. ನಾನು ಅದನ್ನು 'ಸೋಲು' ಎಂದು ಬರೆದುಕೊಂಡಿದ್ದೆ. ನಿಜಕ್ಕೂ ಅವನು ಆಡಿದ್ದು 6 ಆಟ, ಗೆದ್ದದ್ದು 3. ಶೇ 50! ನಾನು ಡಿ ದರ್ಜೆ ಕೊಟ್ಟದ್ದು ಅವನ ಡೆಕ್‌ಗಲ್ಲ, ಬಸ್ಸಿನ ಟೈಮಿಗೆ. ಇನ್ನೊಂದು ಕಡೆ, ನಾನು ಮೇಲೆ ಇಟ್ಟಿದ್ದ ಒಂದು ಡೆಕ್‌ಗೆ 9ರಲ್ಲಿ 6 ಗೆಲುವು, ಶೇ 67. ಅದರಲ್ಲಿ ಎರಡು ಗೆಲುವು ಈ ಹುಡುಗ ಎದ್ದು ಹೋದದ್ದರಿಂದ ಪುಕ್ಕಟೆ ಬಂದವು. ಅವನ್ನು ತೆಗೆದರೆ 7ರಲ್ಲಿ 4, ಅಂದರೆ ಶೇ 57.

ಇಷ್ಟೇ ಆಗಿದ್ದರೆ ತಿದ್ದಿ ಕ್ಷಮೆ ಕೇಳಿ ಮುಗಿಸುತ್ತಿದ್ದೆ. ಆದರೆ ಇಂಥ ಪಟ್ಟಿಗಳನ್ನು ನಾವೆಲ್ಲ ದಿನವೂ ನೋಡುತ್ತೇವೆ, ನಂಬುತ್ತೇವೆ, ಅವುಗಳ ಮಾತು ಕೇಳಿ ದುಡ್ಡು ಖರ್ಚು ಮಾಡುತ್ತೇವೆ. ಆದ್ದರಿಂದ ಸ್ವಲ್ಪ ಲೆಕ್ಕ ಮಾತಾಡೋಣ. ಹೆದರಬೇಡಿ, ಏಳನೇ ತರಗತಿಯ ಲೆಕ್ಕ ಸಾಕು.

ಎಂಟು ಜನ, ಮೂರು ಸುತ್ತು, ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಜೋಡಿ. ಚೆಸ್ ಆಡುವವರಿಗೆ ಇದು ಸ್ವಿಸ್ ಪದ್ಧತಿ ಎಂದು ಗೊತ್ತು. ಡ್ರಾ ಇಲ್ಲದಿದ್ದರೆ ಕೊನೆಗೆ ಏನಾಗುತ್ತದೆ? ಮೊದಲ ಸುತ್ತಿಗೆ ನಾಲ್ವರು ಗೆಲ್ಲುತ್ತಾರೆ. ಎರಡನೆಯದರಲ್ಲಿ ಅವರಲ್ಲಿ ಇಬ್ಬರು ಉಳಿಯುತ್ತಾರೆ. ಮೂರನೆಯದರಲ್ಲಿ ಒಬ್ಬರೇ. ಅಂದರೆ ಮೂರಕ್ಕೆ ಮೂರು ಗೆದ್ದವರು ಒಬ್ಬರು ಇರಲೇಬೇಕು, ಮೂರಕ್ಕೆ ಮೂರು ಸೋತವರೂ ಒಬ್ಬರು ಇರಲೇಬೇಕು. ಎಂಟೂ ಜನರ ಕೈಗೆ ಒಂದೇ ಡೆಕ್ ಕೊಟ್ಟು, ನಾಣ್ಯ ಚಿಮ್ಮಿ ಗೆಲುವು ನಿರ್ಧರಿಸಿದರೂ ಹೀಗೇ ಆಗುತ್ತದೆ. ಒಬ್ಬರು 'ಎಸ್', ಒಬ್ಬರು 'ಡಿ'. ಹಾಗಿರುವಾಗ ಒಂದು ಭಾನುವಾರದಲ್ಲಿ ಕೊನೆಗೆ ಬಂದವರ ಡೆಕ್ ಕೆಟ್ಟದು ಎಂದು ಹೇಳುವುದು ಹೇಗೆ?

ಹಾಗಾದರೆ ಎಷ್ಟು ಆಟ ಬೇಕು? ಒಂದು ಸುಲಭ ಅಂದಾಜಿದೆ. ಆಟಗಳ ಸಂಖ್ಯೆಯ ವರ್ಗಮೂಲದಿಂದ 100ನ್ನು ಭಾಗಿಸಿ. ಅಷ್ಟು ಶೇಕಡಾ ಅತ್ತಿತ್ತ ಆಗಬಹುದು ಎಂದು ಇಟ್ಟುಕೊಳ್ಳಿ. 100 ಆಟ ಆಡಿದರೆ 10 ಅತ್ತ, 10 ಇತ್ತ. 400 ಆಟಕ್ಕೆ 5. ಎರಡೇ ಶೇಕಡಾದ ವ್ಯತ್ಯಾಸ ಹಿಡಿಯಬೇಕಾದರೆ 2500 ಆಟ ಬೇಕು. ನಮ್ಮ 9 ಆಟಕ್ಕೆ? 33 ಅತ್ತ, 33 ಇತ್ತ. ನನ್ನ ಶೇ 33ರ ಅರ್ಥ 'ಸೊನ್ನೆಯಿಂದ 66ರ ಒಳಗೆ ಎಲ್ಲೋ ಇದೆ' ಎಂದಷ್ಟೇ. ಇದಕ್ಕೆ ಬಣ್ಣ ಹಚ್ಚಿ ಗುಂಪಿಗೆ ಹಾಕಿದ್ದೆ ನೋಡಿ! ಅದರ ಮೇಲೆ ಈ ಆಟದಲ್ಲಿ ಅದೃಷ್ಟವೂ ಬಹಳ. 'ಮಿಸ್ಟಿ' ಕಾರ್ಡ್ ಹಾಕಿ ನಾಣ್ಯ ಚಿಮ್ಮಿದಾಗ ಮೊದಲಿಗೇ ಟೇಲ್ ಬಿದ್ದ ನೋವು ಯಾರಿಗೆ ಗೊತ್ತಿಲ್ಲ?

ಇಲ್ಲಿ ಒಬ್ಬ ವ್ಯಕ್ತಿಯ ಕಥೆ ಹೇಳಬೇಕು. ಅವರಿಗೂ ನಮ್ಮ ಬೆಟ್ಟಕ್ಕೂ ಒಂದು ದುಃಖದ ನಂಟಿದೆ.

ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞರು 1902ರಲ್ಲಿ ಇಂದಿನ ರುಮೇನಿಯಾದ ಕ್ಲೂಜ್ ಪಟ್ಟಣದಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ವಿಯೆನ್ನಾದಲ್ಲಿ ಓದಿ, ನಾಜಿಗಳ ಕಾಲದಲ್ಲಿ, 1938ರಲ್ಲಿ, ಅಮೆರಿಕಕ್ಕೆ ಹೋದರು. ಎರಡನೇ ಮಹಾಯುದ್ಧದ ಹೊತ್ತಿಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೇನೆಗಾಗಿ ಲೆಕ್ಕ ಮಾಡುವ ಗುಂಪಿನಲ್ಲಿದ್ದರು. ಯುದ್ಧಕ್ಕೆ ಹೋಗಿ ಮರಳಿದ ವಿಮಾನಗಳ ಮೈಮೇಲೆ ಗುಂಡಿನ ತೂತುಗಳು. ರೆಕ್ಕೆ, ಹೊಟ್ಟೆಯ ಭಾಗದಲ್ಲಿ ಹೆಚ್ಚು, ಎಂಜಿನ್‌ನಲ್ಲಿ ಕಡಿಮೆ. ಎಲ್ಲಿ ದಪ್ಪ ತಗಡು ಹಾಕಬೇಕು? ತೂತು ಹೆಚ್ಚಿರುವ ಕಡೆ ಎಂದೇ ಯಾರಿಗಾದರೂ ಅನ್ನಿಸುತ್ತದೆ. ವಾಲ್ಡ್ ಅವರ ಲೆಕ್ಕ ಬೇರೆ. ಎಣಿಸುತ್ತಿರುವುದು ಮರಳಿ ಬಂದ ವಿಮಾನಗಳನ್ನು ಮಾತ್ರ. ಎಂಜಿನ್‌ಗೆ ಗುಂಡು ಬಿದ್ದವುಗಳಲ್ಲಿ ಹಲವು ಮರಳಿ ಬರಲೇ ಇಲ್ಲ. ಬಾರದೇ ಹೋದದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಹೇಗೆ ಎಂದು ಅವರು 1943ರಲ್ಲಿ ಬರೆದುಕೊಟ್ಟರು.

ಯುದ್ಧ ಮುಗಿದ ಮೇಲೆ ಭಾರತ ಸರ್ಕಾರದ ಆಹ್ವಾನದ ಮೇಲೆ ಉಪನ್ಯಾಸ ಕೊಡಲು ಹೆಂಡತಿಯೊಂದಿಗೆ ಬಂದರು. 1950ರ ಡಿಸೆಂಬರ್ 13ರಂದು ಅವರಿದ್ದ ವಿಮಾನ ನಮ್ಮ ನೀಲಗಿರಿ ಬೆಟ್ಟದಲ್ಲಿ ಬಿದ್ದು ಇಬ್ಬರೂ ತೀರಿಕೊಂಡರು. ಆಗ ಅವರಿಗೆ 48 ವರ್ಷ. ಮರಳಿ ಬಾರದ ವಿಮಾನಗಳ ಬಗ್ಗೆ ಲೋಕಕ್ಕೆ ಪಾಠ ಹೇಳಿದವರು ಮರಳಿ ಬಾರದೇ ಹೋದದ್ದು ನಮ್ಮ ಜಿಲ್ಲೆಯಲ್ಲಿ. ಇಲ್ಲೇ ಹುಟ್ಟಿ ಬೆಳೆದ ನನಗೆ ಇದು ತಿಳಿದದ್ದು ಡಿಗ್ರಿ ಓದುವಾಗ.

ಈಗ ಟಾಪ್ 8 ಪಟ್ಟಿಗಳನ್ನು ನೆನಪಿಸಿಕೊಳ್ಳಿ. ಯೂಟ್ಯೂಬ್‌ನಲ್ಲಿ ಯಾರೋ "ಈ ವಾರದ ಟೂರ್ನಮೆಂಟ್‌ನ ಟಾಪ್ 8ರಲ್ಲಿ 4 ಇದೇ ಡೆಕ್" ಎಂದು ಕೂಗುತ್ತಾರೆ. ಆ ಎಂಟು ಡೆಕ್‌ಗಳು ಮರಳಿ ಬಂದ ವಿಮಾನಗಳು. ನೂರು ಜನ ಆಡಿದರು, ಅದರಲ್ಲಿ 60 ಜನ ಅದೇ ಡೆಕ್ ತಂದಿದ್ದರು ಎಂದಿಟ್ಟುಕೊಳ್ಳಿ. 60ರಲ್ಲಿ 4 ಮೇಲೆ ಬಂತು, 56 ದಾರಿಯಲ್ಲಿ ಬಿತ್ತು. ಇನ್ನೊಂದು ಡೆಕ್ ತಂದವರು 20 ಜನ, ಮೇಲೆ ಬಂದವರು 3. ಯಾವುದು ಒಳ್ಳೆಯದು? ಲಿಮಿಟ್‌ಲೆಸ್‌ನಂಥ ತಾಣಗಳು ಟೂರ್ನಮೆಂಟ್ ಫಲಿತಾಂಶಗಳನ್ನು ಒಟ್ಟುಮಾಡಿ, ಯಾವ ಡೆಕ್ ಎಷ್ಟು ಜನ ತಂದರು, ಎಷ್ಟು ಗೆದ್ದರು ಎಂದು ತೋರಿಸುತ್ತವೆ. ನಾವು ಅಲ್ಲಿಗೆ ಹೋಗಿ ನೋಡುವುದಿಲ್ಲ. ವಿಡಿಯೋದ ಚಿತ್ರ ನೋಡಿಯೇ ಪ್ಯಾಕ್ ಕೊಳ್ಳಲು ಹೊರಡುತ್ತೇವೆ.

ಇನ್ನೊಂದು ಮಾತು. ಡೆಕ್‌ನ ಬಲ ಆ ಡೆಕ್‌ನೊಳಗೆ ಮಾತ್ರ ಇರುವುದಿಲ್ಲ, ಎದುರು ಕುಳಿತವರ ಕೈಯಲ್ಲೂ ಇರುತ್ತದೆ. ಕಲ್ಲು, ಕಾಗದ, ಕತ್ತರಿ ಇದ್ದಂತೆ. ಮೂರು ಡೆಕ್ ಇವೆ ಎನ್ನೋಣ. ಕಲ್ಲು ಕತ್ತರಿಯನ್ನು ನೂರಕ್ಕೆ 70 ಸಲ ಗೆಲ್ಲುತ್ತದೆ, ಕತ್ತರಿ ಕಾಗದವನ್ನು 70 ಸಲ, ಕಾಗದ ಕಲ್ಲನ್ನು 70 ಸಲ. ಹಾಲ್‌ನಲ್ಲಿ ಶೇ 60 ಜನ ಕತ್ತರಿ, ಉಳಿದೆರಡು ಶೇ 20ರಂತೆ ಇದ್ದರೆ, ಕಲ್ಲಿನ ಗೆಲುವು ಶೇ 58. ಅದೇ ಹಾಲ್‌ನಲ್ಲಿ ಶೇ 60 ಜನ ಕಾಗದ ತಂದರೆ, ಅದೇ ಕಲ್ಲಿನ ಗೆಲುವು ಶೇ 42. ಡೆಕ್‌ನಲ್ಲಿ ಒಂದು ಕಾರ್ಡೂ ಬದಲಾಗಲಿಲ್ಲ. ಪಟ್ಟಿಯಲ್ಲಿ ಮಾತ್ರ ಮೇಲಿಂದ ಕೆಳಗೆ ಬಿತ್ತು.

ಕಾಗದದ ಕಾರ್ಡಿನ ಪೋಕೆಮಾನ್ ಆಟದಲ್ಲಿ ಇದು ಕಣ್ಣೆದುರೇ ನಡೆಯಿತು. 2024ರ ಆಗಸ್ಟ್‌ನಲ್ಲಿ ಹೊನಲುಲುವಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಗೆದ್ದದ್ದು ಚಿಲಿ ದೇಶದ ಫರ್ನಾಂಡೊ ಸಿಫುಯೆಂಟೆಸ್, 'ಐರನ್ ಥಾರ್ನ್ಸ್ ಇಎಕ್ಸ್' ಡೆಕ್‌ನಿಂದ. ಆ ಕಾರ್ಡ್ ಮುಂದೆ ನಿಂತಿರುವಷ್ಟು ಹೊತ್ತು, 'ಫ್ಯೂಚರ್' ಜಾತಿಯವನ್ನು ಬಿಟ್ಟು, ಇಎಕ್ಸ್, ವಿ ಥರದ ದೊಡ್ಡ ಪೋಕೆಮಾನ್‌ಗಳ ವಿಶೇಷ ಶಕ್ತಿ ಕೆಲಸ ಮಾಡುವುದಿಲ್ಲ. ಪಟ್ಟಿಯ ಮೇಲಿದ್ದ ಡೆಕ್‌ಗಳಲ್ಲಿ ಹಲವು ಆ ಶಕ್ತಿಯನ್ನೇ ನಂಬಿಕೊಂಡಿದ್ದವು. ಅವರು ಪಟ್ಟಿಯ ತುದಿಯ ಡೆಕ್ ಹಿಡಿದುಕೊಂಡು ಹೋಗಲಿಲ್ಲ, ಪಟ್ಟಿಯನ್ನು ನಂಬಿ ಬರುವವರು ಏನು ತರುತ್ತಾರೆ ಎಂದು ಲೆಕ್ಕ ಹಾಕಿ ಹೋದರು ಎನ್ನಬೇಕು.

"ಹಾಗಾದರೆ ಪಟ್ಟಿಯೇ ಬೇಡ, ಆಟ ತಾನೇ ಅಣ್ಣಾ" ಎಂದು ನಮ್ಮ ಗುಂಪಿನಲ್ಲೇ ಕೆಲವರು ಹೇಳಿದರು. ಅದನ್ನು ನಾನು ಒಪ್ಪುವುದಿಲ್ಲ. ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ? ಯಾರ ದನಿ ದೊಡ್ಡದೋ, ಯಾರ ಹತ್ತಿರ ಹೊಳೆಯುವ ಕಾರ್ಡ್ ಹೆಚ್ಚಿವೆಯೋ ಅವರ ಮಾತೇ ನಡೆಯುತ್ತದೆ. ಸರಿಯಾಗಿ ಬರೆದಿಟ್ಟ ಲೆಕ್ಕ ದುಡ್ಡಿಲ್ಲದವರ ಪರ. 12 ಗಂಟೆಗೊಂದು ಪುಕ್ಕಟೆ ಪ್ಯಾಕ್ ತೆರೆದು, ಅಮ್ಮನ ಫೋನಿನಲ್ಲಿ ಕಟ್ಟಿದ ಸಾದಾ ಡೆಕ್ ಕೂಡ ಸರಿಸಮ ಆಡಬಲ್ಲದು ಎಂದು ತೋರಿಸಲು ಲೆಕ್ಕವೇ ಬೇಕು. ಆ ಹುಡುಗನ 6ರಲ್ಲಿ 3ನ್ನು ಕಂಡುಹಿಡಿದದ್ದೂ ಲೆಕ್ಕವೇ ಅಲ್ಲವೇ? ತಪ್ಪು ಲೆಕ್ಕದ್ದಲ್ಲ, ಅವಸರಪಟ್ಟ ನನ್ನದು.

ವಾಲ್ಡ್ ಅವರ ಇನ್ನೊಂದು ದೊಡ್ಡ ಕೆಲಸ ಇಲ್ಲಿ ನಮಗೆ ದಾರಿ ತೋರಿಸುತ್ತದೆ. 1947ರಲ್ಲಿ ಪುಸ್ತಕವಾಗಿ ಬಂದ ಆ ವಿಧಾನದಲ್ಲಿ, ಇಷ್ಟೇ ಸಲ ಪರೀಕ್ಷೆ ಮಾಡಬೇಕು ಎಂದು ಮೊದಲೇ ನಿಗದಿ ಮಾಡುವುದಿಲ್ಲ. ಒಂದೊಂದು ಫಲಿತಾಂಶ ಬಂದಾಗಲೂ ಮೂರರಲ್ಲಿ ಒಂದು ನಿರ್ಧಾರ: ಹೌದು, ಅಲ್ಲ, ಅಥವಾ ಇನ್ನೂ ನೋಡಬೇಕು. ನನ್ನ ಪಟ್ಟಿಯಲ್ಲಿ ಇಲ್ಲದೇ ಹೋದದ್ದು ಈ ಮೂರನೆಯದೇ.

ಆದ್ದರಿಂದ ನಮ್ಮ ಹೊಸ ಪಟ್ಟಿ ಹೀಗಿರುತ್ತದೆ. ಎಸ್, ಎ, ಡಿ ಇರುವುದಿಲ್ಲ. 'ಬಲವಾದದ್ದು', 'ಕಷ್ಟಪಡುತ್ತಿರುವುದು', 'ಇನ್ನೂ ಆಡಬೇಕು' ಎಂಬ ಮೂರು ಸಾಲು. ಶೇಕಡಾದ ಪಕ್ಕದಲ್ಲೇ ಎಷ್ಟು ಆಟದ ಲೆಕ್ಕ ಎಂದು ಬರೆಯುತ್ತೇವೆ, 100 ಆಟ ಆಗುವವರೆಗೆ ಯಾವ ಡೆಕ್ಕೂ ಮೂರನೇ ಸಾಲು ಬಿಟ್ಟು ಕದಲುವುದಿಲ್ಲ. ಯಾವ ಡೆಕ್ ಯಾವುದರ ಎದುರು ಹೇಗೆ ಆಡಿತು ಎಂದು ಬೇರೆ ಬೇರೆ ಬರೆಯುತ್ತೇವೆ. ಎದ್ದು ಹೋದವರದು 'ಸೋಲು' ಅಲ್ಲ, 'ಆಡಲಿಲ್ಲ'. ಡೆಕ್ ಹೆಸರಿರುತ್ತದೆ, ಆಡಿದವರ ಹೆಸರಿರುವುದಿಲ್ಲ. ಇವತ್ತಿನ ಮಟ್ಟಿಗೆ ಎಲ್ಲ ಡೆಕ್‌ಗಳೂ ಮೂರನೇ ಸಾಲಿನಲ್ಲೇ ಇವೆ. ನೋಡಲು ಚೆನ್ನಾಗಿಲ್ಲ, ಆದರೆ ನಿಜ. ಅದನ್ನೇ ಆ ತಾಯಿಗೂ ಹೇಳಿದೆ: "ಅಮ್ಮಾ, ಯಾವ ಡೆಕ್ ಒಳ್ಳೆಯದು ಅಂತ ನಂಗೇ ಗೊತ್ತಿಲ್ಲ. ದುಡ್ಡು ಕೊಡಬೇಡಿ."

ಹುಡುಗನಿಗೂ ಫೋನ್ ಮಾಡಿ ಲೆಕ್ಕ ವಿವರಿಸಿದೆ, ತಪ್ಪಾಯಿತು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಂದು ಡಿ ಅಲ್ವಾ ಅಣ್ಣಾ?" ಎಂದು ಕೇಳಿದ. "ಗೊತ್ತಿಲ್ಲ ಕಣೋ, ಬಂದು ಆಡು, ನೋಡೋಣ" ಎಂದೆ.

ಮುಂದಿನ ಭಾನುವಾರದಿಂದ ಆಟ ಪೂಜೆ ಮುಗಿದ ಅರ್ಧ ಗಂಟೆಗೇ ಶುರು. ಮೂರೂ ಸುತ್ತು ಮಸಿನಗುಡಿ ಬಸ್ಸಿಗೆ ಮುಂಚೆ ಮುಗಿಯಬೇಕು. ತಿಂಡಿ ತಿನ್ನುತ್ತಾ ಕೂರುವವರು ದಯವಿಟ್ಟು ಬೇಗ ಮುಗಿಸಿಕೊಂಡು ಬನ್ನಿ. ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ.

ಪ್ರೀತಿಯಿಂದ,
ನಿಮ್ಮ ಯುವ ಸಂಚಾಲಕ