ಶಾಲು ಬೇಡ, ದಾದಿ ಬೇಕು

ಪ್ರತಿ ವರ್ಷ ಅಕ್ಟೋಬರ್ 1ನೇ ತಾರೀಕು ಬಂತೆಂದರೆ ನಮ್ಮ ಪುಢಾರಿಗಳಿಗೆ ಮುದುಕರ ನೆನಪಾಗುತ್ತದೆ. ವಿಶ್ವಸಂಸ್ಥೆ 1990ರಲ್ಲಿ ಗೊತ್ತು ಮಾಡಿದ ಹಿರಿಯರ ದಿನ ಅದು. ನಾಲ್ಕು ಮಂದಿ ಅಜ್ಜ ಅಜ್ಜಿಯರನ್ನು ವೇದಿಕೆಯಲ್ಲಿ ಕೂರಿಸುತ್ತಾರೆ, ಶಾಲು ಹೊದಿಸುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಭಾಷಣ. ಅವಿಭಕ್ತ ಕುಟುಂಬ ಒಡೆಯಿತು, ಮಕ್ಕಳು ಕೆಟ್ಟರು, ಸಂಸ್ಕಾರ ಹೋಯಿತು. ಇಷ್ಟೇ ಅದರ ಸಾರ. ವೇದಿಕೆಯವರೆಗೆ ನಡೆದು ಬರಬಲ್ಲವರಿಗೆ ಶಾಲು ಸಿಕ್ಕಿತು, ಸಂತೋಷ. ಹಾಸಿಗೆ ಹಿಡಿದು ಮಲಗಿದವರ ಗತಿಯೇನು? ಅವರ ಮಗ್ಗುಲು ಬದಲಿಸುವವರು ಯಾರು? ಇದಕ್ಕೆ ವೇದಿಕೆಯಲ್ಲಿ ಉತ್ತರವಿಲ್ಲ.

ನಮ್ಮ ಸಂಪಾಜೆಯನ್ನೇ ನೋಡಿ. ಪಯಸ್ವಿನಿಯ ದಡದ ಈ ಊರು ಹೆಸರಿಗೆ ಒಂದು, ಸರಕಾರದ ಲೆಕ್ಕಕ್ಕೆ ಎರಡು. ಒಂದು ಭಾಗ ಕೊಡಗಿನ ಮಡಿಕೇರಿ ತಾಲೂಕಿಗೆ, ಇನ್ನೊಂದು ಭಾಗ ದಕ್ಷಿಣ ಕನ್ನಡದ ಸುಳ್ಯ ತಾಲೂಕಿಗೆ. ಕೊಡಗಿನವರಿಗೆ ಜಿಲ್ಲಾ ಆಸ್ಪತ್ರೆ ಬೇಕಾದರೆ ಘಾಟಿ ಹತ್ತಿ ಮಡಿಕೇರಿಗೆ ಹೋಗಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿಯ ಗುಡ್ಡಗಳು ಕುಸಿದಾಗ ಆ ರಸ್ತೆಯೇ ಮುಚ್ಚಿತು. ಕಾಲು ಗಟ್ಟಿಯಿದ್ದವರು ಮನೆಮಠ ಬಿಟ್ಟು ಪರಿಹಾರ ಶಿಬಿರ ಸೇರಿದರು. ಓಡಲಾರದವರು ಯಾವ ಮನೆಯಲ್ಲಿ ಎಷ್ಟು ಮಂದಿ ಇದ್ದಾರೆಂಬ ಪಟ್ಟಿ ಅಂದು ಯಾವ ಕಚೇರಿಯಲ್ಲಿತ್ತು? ಇಂದಾದರೂ ಇದೆಯೆ?

ಇಲ್ಲಿ ಮುದುಕರಾದವರು ಯಾರು? ಅಡಿಕೆ ಮರ ಹತ್ತಿ ಹತ್ತಿ ಮೊಣಕಾಲು ಸವೆಸಿದವರು. ಬೆಳಕು ಹರಿಯುವ ಮೊದಲೇ ಎದ್ದು ರಬ್ಬರ್ ಹಾಲು ತೆಗೆದವರು. ಕಾಫಿ ತೋಟಕ್ಕೆ ಗೊಬ್ಬರ ಹೊತ್ತು ಬೆನ್ನು ಬಾಗಿದವರು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಮೇಲೆ ಸಿಂಹಳದಿಂದ ಬಂದ ತಮಿಳು ಕುಟುಂಬಗಳನ್ನು ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಿಗೆ ತಂದು ದುಡಿಸಿದರು. ಅಂದು ಹರೆಯದಲ್ಲಿ ಬಂದವರಿಗೆ ಇಂದು ಮುಪ್ಪು. ತೋಟದ ಲೈನ್ ಮನೆ ಕೆಲಸಕ್ಕೆ ಅಂಟಿಕೊಂಡ ಮನೆ. ಕೈ ನಡುಗತೊಡಗಿ ಕೆಲಸ ನಿಂತಿತೆಂದರೆ ಮನೆಯ ಹಕ್ಕೂ ನಿಂತಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಮಕ್ಕಳು ನೋಡಿಕೊಳ್ಳಲಿ ಎನ್ನುತ್ತಾರೆ ಮಹಾಶಯರು. ಮಕ್ಕಳು ಎಂದರೆ ಯಾರು? ಗಂಡುಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗಿದ್ದಾರೆ. ಊರಲ್ಲಿದ್ದವರು ಕೂಲಿಗೆ ಹೋಗಲೇಬೇಕು. ಉಳಿದವಳು ಸೊಸೆ, ಇಲ್ಲವೆ ಮದುವೆಯಾಗದ ಮಗಳು. ಮಲಮೂತ್ರ ತೆಗೆಯುವವಳು ಅವಳು, ಗಂಜಿ ಕುಡಿಸುವವಳು ಅವಳು, ರಾತ್ರಿ ನಾಲ್ಕು ಸಲ ಏಳುವವಳೂ ಅವಳೇ. ಅವಳಿಗೆ ಸಂಬಳವಿಲ್ಲ, ರಜೆಯಿಲ್ಲ, ಹೇಗೆ ಎತ್ತಬೇಕು, ಹೇಗೆ ಮಲಗಿಸಬೇಕೆಂದು ಹೇಳಿಕೊಟ್ಟವರೂ ಇಲ್ಲ. ಅಟ್ಟಿಕ್ಕಿದವಳಿಗಿಂತ ಬೊಟ್ಟಿಟ್ಟವಳೇ ಹೆಚ್ಚು ಎಂಬಂತೆ ಶಾಲು ಹೊದಿಸಿದವನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ.

ಇನ್ನೊಂದು ಅನ್ಯಾಯವಿದೆ. ನಮ್ಮ ಊರುಗಳ ಬಡ ಹೆಣ್ಣುಮಕ್ಕಳೇ ‘ಹೋಂ ನರ್ಸ್’ ಎಂಬ ಹೆಸರಿನಲ್ಲಿ ಮಂಗಳೂರು, ಬೆಂಗಳೂರುಗಳ ಉಳ್ಳವರ ಮನೆಗೆ ಹೋಗುತ್ತಾರೆ. ನಡುವೆ ಏಜೆನ್ಸಿಯವನು ತನ್ನ ಪಾಲು ಮುರಿದುಕೊಳ್ಳುತ್ತಾನೆ. ಅಲ್ಲಿಯ ಅಜ್ಜಿಗೆ ಇವಳ ಆರೈಕೆ. ಇವಳ ಸ್ವಂತ ಅಜ್ಜಿಗೆ ಗೋಡೆಯೇ ಗತಿ. ಆರೈಕೆಯೂ ಅಡಿಕೆಯ ಹಾಗೆ ಘಾಟಿ ಇಳಿದು ಹಣವಿದ್ದಲ್ಲಿಗೆ ಹೋಗುವ ಸರಕಾಯಿತು.

ಈಗ ಕಾಯಿದೆಯ ಮಾತು. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕ್ಷೇಮಾಭಿವೃದ್ಧಿ ಕಾಯಿದೆ 2007ರಲ್ಲಿ ಬಂತು. ಪಾಠ ಹೇಳಿದವನಾದ್ದರಿಂದ ನಾನು ಅದನ್ನು ವ್ಯಾಕರಣ ಹಿಡಿದು ಓದಿದೆ. ಮಕ್ಕಳ ವಿಷಯ ಬಂದಾಗ ಕಾಯಿದೆ ವಿಧ್ಯರ್ಥದಲ್ಲಿ ಮಾತಾಡುತ್ತದೆ: ಪೋಷಿಸತಕ್ಕದ್ದು. ನಡುನೀರಿನಲ್ಲಿ ಕೈಬಿಟ್ಟರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಸರಕಾರದ ವಿಷಯ ಬಂದಾಗ ಅದೇ ಕಾಯಿದೆ ಸಂಭಾವನಾರ್ಥಕ್ಕೆ ಜಾರುತ್ತದೆ: ಜಿಲ್ಲೆಗೆ ಒಂದರಂತೆ, 150 ಮಂದಿ ನಿರ್ಗತಿಕ ವೃದ್ಧರು ಇರಬಲ್ಲ ಆಶ್ರಮವನ್ನು ಹಂತ ಹಂತವಾಗಿ ಕಟ್ಟಬಹುದು. ಬಡ ಮಗನಿಗೆ ‘ತಕ್ಕದ್ದು’, ದೊಡ್ಡ ಸರಕಾರಕ್ಕೆ ‘ಬಹುದು’! ತಿದ್ದುಪಡಿಗೆಂದು 2019ರ ಡಿಸೆಂಬರಿನಲ್ಲಿ ಒಂದು ಮಸೂದೆ ಲೋಕಸಭೆಗೆ ಬಂತು. ಮನೆಯಾರೈಕೆಯ ಸಂಸ್ಥೆಗಳಿಗೆ ಲಗಾಮು ಹಾಕುವ ಮಾತೂ ಅದರಲ್ಲಿತ್ತು. 2024ರಲ್ಲಿ ಆ ಲೋಕಸಭೆ ಮುಗಿಯಿತು, ಜೊತೆಗೆ ಮಸೂದೆಯೂ ಸತ್ತಿತು.

ಪಿಂಚಣಿ ಕೊಡುತ್ತೇವಲ್ಲ ಎನ್ನುತ್ತಾರೆ. ಲೆಕ್ಕ ಮಾಡೋಣ. ಸಂಧ್ಯಾ ಸುರಕ್ಷೆಯಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ, ದಿನಕ್ಕೆ 40. ಕೇಂದ್ರ ಸರಕಾರ ವೃದ್ಧಾಪ್ಯ ವೇತನಕ್ಕೆ ಕೊಡುವ ಪಾಲು 80 ವರ್ಷದ ಕೆಳಗಿನವರಿಗೆ ತಿಂಗಳಿಗೆ 200. ದಿನಕ್ಕೆ ಏಳು ರೂಪಾಯಿಯೂ ಇಲ್ಲ. 2007ರಲ್ಲಿ ಆ ಯೋಜನೆಗೆ ಇಂದಿರಾ ಗಾಂಧಿಯವರ ಹೆಸರಿಟ್ಟಾಗಲೂ ಅದು 200 ರೂಪಾಯಿಯೇ. ಅಕ್ಕಿಯ ಬೆಲೆ ಏರಿತು, ಮಾತ್ರೆಯ ಬೆಲೆ ಏರಿತು, ಮುದುಕರ ಬೆಲೆ ಮಾತ್ರ ಏರಲಿಲ್ಲ. ಭವಿಷ್ಯ ನಿಧಿಗೆ ಕಟ್ಟಿದ ಕಾರ್ಮಿಕನ ಕನಿಷ್ಠ ಪಿಂಚಣಿಯೂ 2014ರಿಂದ 1,000 ರೂಪಾಯಿಯಲ್ಲೇ ನಿಂತಿದೆ. 70 ದಾಟಿದವರಿಗೆ ಐದು ಲಕ್ಷದ ಚಿಕಿತ್ಸಾ ವಿಮೆ ಎಂದು 2024ರಲ್ಲಿ ಡಂಗುರ ಹೊಡೆದರು. ಅದು ಆಸ್ಪತ್ರೆ ಸೇರಿದವರಿಗೆ. ಆಸ್ಪತ್ರೆಯಿಂದ ಮನೆಗೆ ತಂದ ಮೇಲಿನ ಮೂರು ವರ್ಷದ ಹಾಸಿಗೆಗೆ ಯಾವ ವಿಮೆ?

ಮುಪ್ಪು ರೋಗವಲ್ಲ, ಅದನ್ನು ರೋಗ ಮಾಡುವುದು ಉಪೇಕ್ಷೆ. ಪಾಚಿ ಕಟ್ಟಿದ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಅಜ್ಜಿ ಮತ್ತೆ ಏಳದಿರಬಹುದು. ಬಚ್ಚಲ ಗೋಡೆಗೆ ಹಿಡಿಯಲು ಒಂದು ಸರಳು, ರಾತ್ರಿಗೆ ಒಂದು ದೀಪ, ಕಣ್ಣಿನ ಪೊರೆ ತೆಗೆಸಿ ಒಂದು ಕನ್ನಡಕ, ಕೈಗೊಂದು ದೊಣ್ಣೆ. ಎಷ್ಟೋ ಮೂಳೆ ಉಳಿಯುತ್ತದೆ. ಬರೀ ಗಂಜಿಯಲ್ಲ, ಜೊತೆಗೆ ಹುರುಳಿ, ಮೊಟ್ಟೆ, ಮೀನು ಸಿಕ್ಕರೆ, ದಿನಾ ನಾಲ್ಕು ಹೆಜ್ಜೆ ನಡೆದರೆ ಸ್ನಾಯು ಉಳಿಯುತ್ತದೆ. ರಕ್ತದೊತ್ತಡದ ಮಾತ್ರೆ ತಪ್ಪದೆ ತೆಗೆದುಕೊಂಡರೆ ಪಾರ್ಶ್ವವಾಯುವಿನ ಭಯ ಕಡಿಮೆ. ಹಾಸಿಗೆ ಹಿಡಿದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿ, ಮೈ ಒಣಗಿಸಿ ಇಟ್ಟರೆ ಬೆನ್ನಿನ ಹುಣ್ಣನ್ನು ಬಹುಮಟ್ಟಿಗೆ ತಡೆಯಬಹುದು. ಇದೇನೂ ಅಮೆರಿಕಾದ ವಿದ್ಯೆಯಲ್ಲ. ಆದರೆ ಇದನ್ನು ಮನೆಗೆ ಬಂದು ತೋರಿಸಿಕೊಡುವ ಕೈ ಬೇಕು.

ಆ ಕೈಯನ್ನು ಸರಕಾರವೇ ಕಾಗದದಲ್ಲಿ ಬರೆದಿದೆ. ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ 2010–11ರಲ್ಲಿ ಆರಂಭವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ವೃದ್ಧರ ತಪಾಸಣೆ, ಹಾಸಿಗೆ ಹಿಡಿದವರ ಮನೆಗೆ ಭೇಟಿ, ಜಿಲ್ಲಾ ಆಸ್ಪತ್ರೆಯಲ್ಲಿ ವೃದ್ಧರಿಗೆಂದೇ ಹತ್ತು ಹಾಸಿಗೆ ಎಂದು ಅದರಲ್ಲಿದೆ. ಓದುಗ ಬಂಧುಗಳೇ, ನಿಮ್ಮ ಕೇಂದ್ರದಲ್ಲಿ ಆ ವಾರ ಯಾವುದು? ಕೇಳಿ ನೋಡಿ. ಮನೆಮನೆಗೆ ಹೋಗಿ ಒತ್ತಡ, ಸಕ್ಕರೆ ಪರೀಕ್ಷಿಸುವ ‘ಗೃಹ ಆರೋಗ್ಯ’ 2024ರಲ್ಲಿ ಕೋಲಾರದಿಂದ ಶುರುವಾಯಿತು. ಸ್ವಾಗತ. ಆದರೆ ಅಳೆಯುವುದು ಬೇರೆ, ಆರೈಕೆ ಬೇರೆ. ಆ ಭಾರವನ್ನೂ ಆಶಾ ಕಾರ್ಯಕರ್ತೆಯ ತಲೆಗೇ ಕಟ್ಟಿ, ಸಂಬಳ ಎನ್ನದೆ ಗೌರವಧನ ಎನ್ನುವ ಜಾಣತನವನ್ನು ನಾವು ಒಪ್ಪುವುದಿಲ್ಲ.

ಹಣವೆಲ್ಲಿದೆ ಎಂಬುದು ಕೊನೆಯ ಅಸ್ತ್ರ. ಗುಡ್ಡದಾಚೆಯ ಕೇರಳ 2008ರಲ್ಲೇ ಉಪಶಾಮಕ ಆರೈಕೆಯ ನೀತಿ ಮಾಡಿತು. ಅಲ್ಲಿ ಪಂಚಾಯತಿಗಳು ಹಣ ತೆಗೆದಿಟ್ಟು ದಾದಿಯನ್ನು ನೇಮಿಸುತ್ತವೆ. ಆಕೆ ವಾಹನದಲ್ಲಿ ಹಾಸಿಗೆ ಹಿಡಿದವರ ಮನೆಗೆ ಹೋಗಿ ಹುಣ್ಣು ತೊಳೆಯುತ್ತಾಳೆ, ನಳಿಕೆ ಬದಲಿಸುತ್ತಾಳೆ, ಮನೆಯವರಿಗೆ ಕಲಿಸುತ್ತಾಳೆ. ಅದೇ ಮಳೆ, ಅದೇ ಗುಡ್ಡ, ಅದೇ ಅಡಿಕೆ, ಅದೇ ರಬ್ಬರ್. ಅಲ್ಲಿ ಆಗುವುದು ಇಲ್ಲೇಕೆ ಆಗದು? ಹಣದ ಕೊರತೆಯಲ್ಲ, ಕೇಳುವವರ ಕೊರತೆ.

ಆದ್ದರಿಂದ ಕೇಳೋಣ. ಹಾಸಿಗೆ ಹಿಡಿದವರ, ಒಂಟಿ ಮುದುಕರ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲೇ ವಾರ್ಡುವಾರು ಓದಿ ಹೇಳಲಿ. ಪ್ರತಿ ಪಂಚಾಯತಿಗೆ ತರಬೇತಿಯಾದ ಒಬ್ಬ ದಾದಿ, ಕಾಯಂ ಸಂಬಳ, ಒಂದು ವಾಹನ. ಸಂಪಾಜೆಯ ಎರಡು ಪಂಚಾಯತಿಗಳು ಕೂಡಿ ಮೊದಲು ಮಾಡಿ ತೋರಿಸಲಿ. ಬೆನ್ನಿನ ಹುಣ್ಣು ಜಿಲ್ಲೆಯ ಗಡಿ ನೋಡಿ ಆಗುವುದಿಲ್ಲ. ಬೆಲೆ ಏರಿದಂತೆ ಪಿಂಚಣಿಯೂ ಏರಲಿ. ತೋಟದಲ್ಲಿ ಆಯುಷ್ಯ ತೆತ್ತವರನ್ನು ಬೇರೆ ಸೂರು ಸಿಗುವ ತನಕ ಲೈನ್ ಮನೆಯಿಂದ ಎಬ್ಬಿಸಬಾರದು. ಕಾಯಿದೆಯ ‘ಬಹುದು’ ‘ತಕ್ಕದ್ದು’ ಆಗಲಿ.

ಇದು ದಯೆಯ ಬೇಡಿಕೆಯಲ್ಲ. ಈ ತೋಟ, ಈ ರಸ್ತೆ, ಈ ಶಾಲೆಗಳನ್ನು ಕಟ್ಟಿದ ಕೈಗಳು ಅವು. ಆ ಕೈ ನಡುಗುವಾಗ ಹಿಡಿದುಕೊಳ್ಳುವುದು ಸಾಲ ತೀರಿಸುವ ಕೆಲಸ. ಮುಂದಿನ ಅಕ್ಟೋಬರ್ 1ಕ್ಕೆ ಶಾಲು ಹಿಡಿದು ಬರುವವರನ್ನು ಸಂಪಾಜೆಯ ಜನ ಒಂದೇ ಮಾತು ಕೇಳಲಿ: ಸ್ವಾಮಿ, ದಾದಿ ಎಲ್ಲಿ?