ಊಸರವಳ್ಳಿಯೂ ಉಕ್ಕಿನ ರಥವೂ

ಪುಣೆಯ ಸುತ್ತಲಿನ ಗುಡ್ಡಗಳು ವರ್ಷಕ್ಕೆ ಎರಡು ಸಲ ಬಣ್ಣ ಬದಲಿಸುತ್ತವೆ. ಶ್ರಾವಣದಲ್ಲಿ ಕಣ್ಣು ತಣಿಸುವ ಹಸಿರು. ಶಿವರಾತ್ರಿಯ ಹೊತ್ತಿಗೆ ಒಣಹುಲ್ಲಿನ ಹಳದಿ, ಬೋಳು ಕಲ್ಲಿನ ಕಂದು. ಹಸಿರು ಬಳಿದ ಸೇನಾ ವಾಹನವೊಂದು ಆಗಸ್ಟಿನಲ್ಲಿ ಇಲ್ಲಿ ಮರೆಯಾಗಬಲ್ಲದು. ಮಾರ್ಚಿನಲ್ಲಿ ಅದೇ ಹಸಿರು ಅದನ್ನು ಹಿಡಿದುಕೊಡುತ್ತದೆ. ಸುತ್ತಣ ನೆಲಕ್ಕೆ ತಕ್ಕಂತೆ ತಾನೇ ಬದಲಾಗುವ ಹೊದಿಕೆಯನ್ನು ಟ್ಯಾಂಕಿಗೆ ತೊಡಿಸಬಾರದೇಕೆ ಎಂಬ ಆಲೋಚನೆಯ ಹಿಂದಿರುವುದು ಇಂಥದೇ ಸರಳ ತೊಡಕು.

ಆಲೋಚನೆ ಒಳ್ಳೆಯದೇ. ಆದರೆ ಅದಕ್ಕೆ ನಮ್ಮ ಪತ್ರಿಕೆಗಳೂ ವಾಹಿನಿಗಳೂ ಅಂಟಿಸುವ ‘ಅದೃಶ್ಯ’ ಎಂಬ ವಿಶೇಷಣ ಒಳ್ಳೆಯದಲ್ಲ. 2024ರ ನವೆಂಬರಿನಲ್ಲಿ ಕಾನ್ಪುರದ ಐಐಟಿ ರೇಡಾರ್ ಅಲೆಗಳನ್ನು ಹೀರಿಕೊಳ್ಳುವ ಮೆಟಾಮೆಟೀರಿಯಲ್ ಹೊದಿಕೆಯೊಂದನ್ನು ‘ಅನಾಲಕ್ಷ್ಯ’ ಎಂಬ ಹೆಸರಿನಲ್ಲಿ ಲೋಕಕ್ಕೆ ತೋರಿಸಿದಾಗಲೂ ಶೀರ್ಷಿಕೆಗಳಲ್ಲಿ ಮೆರೆದದ್ದು ಅದೃಶ್ಯತೆಯ ಮಾತೇ. ಹೆಸರಿಟ್ಟವರು ಹೆಚ್ಚು ಎಚ್ಚರದವರು. ಲಕ್ಷ್ಯಕ್ಕೆ ಬಾರದಿರುವುದು ಬೇರೆ, ಕಾಣದೇ ಹೋಗುವುದು ಬೇರೆ.

ಮರೆಮಾಚುವ ಬಣ್ಣದ ಕಥೆಗೆ ನಮ್ಮ ಕರಾವಳಿಯ ನಂಟೂ ಉಂಟು. ಹ್ಯಾರಿ ಲಮ್ಸ್‌ಡೆನ್ 1846ರಲ್ಲಿ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ಪಡೆ ಮಣ್ಣುಬಣ್ಣದ ಉಡುಪು ತೊಟ್ಟಿತು. ಖಾಕಿ ಎಂದರೆ ಧೂಳಿನದು ಎಂದೇ ಅರ್ಥ. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಗೇರಿನ ಸಿಪ್ಪೆಯಿಂದ ಖಾಕಿ ಬಣ್ಣ ತೆಗೆದರೆಂಬುದು ಕರಾವಳಿಯಲ್ಲಿ ಇಂದಿಗೂ ಹೆಮ್ಮೆಯ ಮಾತು. ಆ ಖಾಕಿ ಎದುರಿಸಬೇಕಾಗಿದ್ದುದು ಮನುಷ್ಯನ ಬರಿಗಣ್ಣನ್ನು ಮಾತ್ರ. ಇಂದಿನ ಟ್ಯಾಂಕನ್ನು ಅರಸುವ ಕಣ್ಣುಗಳು ಹಲವು: ಡ್ರೋನಿನ ಕ್ಯಾಮೆರಾ, ಮೈಶಾಖವನ್ನೇ ಚಿತ್ರವಾಗಿಸುವ ಅವಕೆಂಪು ದರ್ಶಕ, ಮೋಡದ ಮೇಲಿಂದಲೂ ನೆಲವನ್ನು ನೋಡುವ ಉಪಗ್ರಹದ ರೇಡಾರ್. ಒಂದು ಕಣ್ಣಿಗೆ ಹಾಕಿದ ಮರೆ ಇನ್ನೊಂದಕ್ಕೆ ಮರೆಯಲ್ಲ.

ತಾನೇ ಬದಲಾಗುವ ಹೊದಿಕೆ ಸಾಧ್ಯವೆಂದು ತೋರಿಸಿದವರು ಸ್ವೀಡನ್ನಿನ ಎಂಜಿನಿಯರುಗಳು. ಬಿಎಇ ಸಿಸ್ಟಮ್ಸ್ ಸಂಸ್ಥೆ 2011ರಲ್ಲಿ ಪ್ರದರ್ಶಿಸಿದ ‘ಅಡಾಪ್ಟಿವ್’ ವ್ಯವಸ್ಥೆಯಲ್ಲಿ ಸುಮಾರು 14 ಸೆಂ.ಮೀ. ಅಗಲದ ಷಟ್ಕೋನ ಫಲಕಗಳಿದ್ದವು. ವಿದ್ಯುತ್ತಿನಿಂದ ಪ್ರತಿ ಫಲಕವೂ ಕ್ಷಿಪ್ರವಾಗಿ ಬಿಸಿಯಾಗಬಲ್ಲದು, ತಣ್ಣಗಾಗಬಲ್ಲದು. ಅವಕೆಂಪು ದರ್ಶಕದಲ್ಲಿ ನೋಡಿದರೆ ಯುದ್ಧವಾಹನ ಹಿನ್ನೆಲೆಯಲ್ಲಿ ಕರಗಿಹೋಗುತ್ತಿತ್ತು, ಇಲ್ಲವೇ ಒಂದು ಕಾರಿನಂತೆ ತೋರುತ್ತಿತ್ತು. ಸೊಗಸಾದ ಸಾಧನೆ. ಆದರೂ ಅದು ಇಂದಿಗೂ ಸೇನೆಗಳ ಸಾಮಾನ್ಯ ಬಳಕೆಗೆ ಬಂದಿಲ್ಲ. ದಾರಿಗಡ್ಡವಾಗಿರುವುದು ದುಡ್ಡೊಂದೇ ಅಲ್ಲ, ಪ್ರಕೃತಿಯ ನಿಯಮವೂ ಹೌದು.

ಲೆಕ್ಕ ಹೀಗಿದೆ. ನಮ್ಮ ಟಿ-72 ಟ್ಯಾಂಕಿನ ಎಂಜಿನ್ 780 ಅಶ್ವಶಕ್ತಿಯದು. ಡೀಸೆಲ್ ಎಂಜಿನ್ ತಾನು ಸುಡುವ ಇಂಧನದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚನ್ನಷ್ಟೇ ಕೆಲಸವಾಗಿಸುತ್ತದೆ, ಉಳಿದದ್ದೆಲ್ಲ ಶಾಖ. ಪೂರ್ಣ ವೇಗದಲ್ಲಿ ಓಡುವಾಗ ಹೊರಹೋಗಬೇಕಾದ ಶಾಖ ಸುಮಾರು 1000 ಕಿಲೋವ್ಯಾಟ್, ಎಂದರೆ ಮನೆಯ ಗೀಸರುಗಳು 500 ಒಟ್ಟಿಗೆ ಉರಿದಷ್ಟು. ಫಲಕಗಳು ಹೊರಮೈಯನ್ನು ತಂಪಾಗಿಸಬಲ್ಲವು, ಶಾಖವನ್ನು ಇಲ್ಲವಾಗಿಸಲಾರವು. ಬೇರೆಡೆಗೆ ತಳ್ಳಬಲ್ಲವು, ಅಷ್ಟೇ. ತಂಪಾಗಿಸುವ ಕೆಲಸವೂ ತನ್ನ ಪಾಲಿನ ಶಾಖವನ್ನು ಕೂಡಿಸುತ್ತದೆ. ಲಡಾಖಿನ ಹೆಪ್ಪುಗಟ್ಟಿದ ನೆಲದ ಮೇಲೆ ಇದು ಇನ್ನೂ ಕಠಿಣ. ರಾಜಸ್ಥಾನದ ಧೂಳು ಕುಳಿತ ಫಲಕ ಲೆಕ್ಕದಂತೆ ನಡೆದೀತೆಂಬ ಭರವಸೆಯೂ ಇಲ್ಲ.

ಮೈಯನ್ನು ಮುಚ್ಚಿದರೂ ನಡೆಯನ್ನು ಮುಚ್ಚುವುದು ಹೇಗೆ? ಇದಕ್ಕೆ 1971ರ ಡಿಸೆಂಬರಿನ ಲೋಂಗೇವಾಲಾ ಸಾಕ್ಷಿ. ಆ ಮರುಭೂಮಿಯ ರಂಗ ಪುಣೆಯಲ್ಲೇ ಕೇಂದ್ರವಿರುವ ದಕ್ಷಿಣ ಕಮಾಂಡಿನ ಹೊಣೆಯಾಗಿತ್ತು. ಅಂದು ಅದರ ಮುಖ್ಯಸ್ಥರಾಗಿದ್ದವರು ಲೆಫ್ಟಿನೆಂಟ್ ಜನರಲ್ ಗೋಪಾಲ ಗುರುನಾಥ ಬೇವೂರ. ರಾತ್ರಿಯ ಕತ್ತಲೆಯೇ ಪಾಕಿಸ್ತಾನದ ಟ್ಯಾಂಕುಗಳಿಗೆ ಮರೆಯಾಗಿತ್ತು. ಬೆಳಗಾದೊಡನೆ ಜೈಸಲ್ಮೇರಿನಿಂದ ಬಂದ ಹಂಟರ್ ವಿಮಾನಗಳಿಗೆ ಅವು ಬಯಲಲ್ಲಿ ಸಿಕ್ಕವು. ತಪ್ಪಿಸಿಕೊಳ್ಳಲು ಅವು ಸುತ್ತಿದ ಗಾಲಿಪಟ್ಟಿಯ ಗುರುತುಗಳು ಮರಳಿನ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಿರುವುದನ್ನು ವಾಯುಪಡೆಯ ಚಿತ್ರಗಳಲ್ಲಿ ಇಂದಿಗೂ ಕಾಣಬಹುದು. ಯಾವ ಫಲಕವೂ ಆ ಗುರುತನ್ನು ಅಳಿಸದು, ಎದ್ದ ಧೂಳನ್ನು ಕೂರಿಸದು.

ಈ ಮಾತಿಗೆ ಊಸರವಳ್ಳಿಯೂ ಒಪ್ಪೀತು. ನಮ್ಮ ಆಡುಮಾತಿನಲ್ಲಿ ಅದು ಬಣ್ಣಗೇಡಿಯ ಹೆಸರು. ಅದರ ಚರ್ಮದೊಳಗಿನ ಅತಿಸೂಕ್ಷ್ಮ ಹರಳುಗಳ ನಡುವಣ ಅಂತರ ಹಿಗ್ಗಿ ಕುಗ್ಗುವುದರಿಂದ ಬಣ್ಣ ಬದಲಾಗುತ್ತದೆಂದು ಜಿನೀವಾದ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು. ಆದರೆ ಅದು ಥಟ್ಟನೆ ಬಣ್ಣ ಬದಲಿಸುವುದು ಬಹುಮಟ್ಟಿಗೆ ಎದುರಾಳಿಯನ್ನು ಬೆದರಿಸಲು, ಸಂಗಾತಿಯನ್ನು ಒಲಿಸಲು. ಅಡಗಬೇಕಾದಾಗ ಅದು ನೆಚ್ಚುವುದು ಎಲೆಹಸಿರನ್ನು ಮತ್ತು ಗಾಳಿಗೆ ತೂಗುವ ಎಲೆಯಂತಹ ನಿಧಾನದ ನಡೆಯನ್ನು.

ಹಾಗಾದರೆ ಈ ವಿದ್ಯೆ ಬೇಡವೇ? ಬೇಕು. ಶತ್ರುವಿನ ಗುರಿ ಕೆಲವೇ ಕ್ಷಣ ತಡವಾದರೂ ಟ್ಯಾಂಕಿನೊಳಗಿನ ಮೂವರೋ ನಾಲ್ವರೋ ಬದುಕಿಯಾರು. ಆದರೆ ಮೊದಲ ಹಣ ಮೊದಲ ಅಗತ್ಯಕ್ಕೆ ಸಲ್ಲಬೇಕು ಎಂಬುದು ನಮ್ಮ ನಿಲುವು: ಬೆಳಕು, ಶಾಖ, ರೇಡಾರ್ ಮೂರನ್ನೂ ತಕ್ಕಮಟ್ಟಿಗೆ ತಡೆಯುವ ಬಲೆಗಳು, ಎಂಜಿನ್ ನಿಲ್ಲಿಸಿ ಕಾಯುವ ಶಿಸ್ತು, ಹುಸಿ ಟ್ಯಾಂಕುಗಳು. 1942ರಲ್ಲಿ ಎಲ್ ಅಲಮೇನ್ ಯುದ್ಧಕ್ಕೆ ಮುನ್ನ ಬ್ರಿಟಿಷರು ಟ್ಯಾಂಕುಗಳ ಮೇಲೆ ಕ್ಯಾನ್ವಾಸಿನ ಹೊದಿಕೆ ಹಾಕಿ ಲಾರಿಗಳೆಂಬಂತೆ ತೋರಿಸಿದರು. ಸ್ವೀಡನ್ನಿನ ಫಲಕ ಮಾಡಿದ್ದೂ ಬಹುಪಾಲು ಅದನ್ನೇ, ಬೇರೊಂದು ಬೆಳಕಿನಲ್ಲಿ. ಎರಡೂ ಕಡೆ ಮೋಸಹೋಗಬೇಕಾದದ್ದು ನೋಡುವವನ ತೀರ್ಮಾನ.

ಇಂಥ ಹೊದಿಕೆಯ ಪರೀಕ್ಷೆ ಪ್ರದರ್ಶನದ ಮಂಟಪದಲ್ಲಿ ನಡೆಯಬಾರದು. ವರ್ಷವಿಡೀ ಮಳೆ, ಮರಳು, ಹಿಮಗಳಲ್ಲಿ ನಡೆಯಬೇಕು. ಹುಡುಕುವವರು ಹೊದಿಕೆ ಮಾಡಿದವರ ಬಳಗದವರಾಗಿರಬಾರದು. ಫಲಿತಾಂಶವನ್ನು ಸೈನಿಕರಿಗೆ ನೇರ ಮಾತಿನಲ್ಲಿ ತಿಳಿಸಬೇಕು. ತಾನು ಕಾಣುವುದಿಲ್ಲವೆಂದು ನಂಬಿದ ಚಾಲಕ ಬಯಲಿಗೆ ಬರುತ್ತಾನೆ. ಕಾಣಬಹುದೆಂದು ಬಲ್ಲವನು ದಿಬ್ಬದ ಮರೆ ಹುಡುಕುತ್ತಾನೆ. ಬೆಳಗಾವಿ, ಕೊಡಗು, ವಿಜಯಪುರದ ಮನೆಗಳಿಂದ ಹೋದ ಹುಡುಗರು ಆ ಉಕ್ಕಿನೊಳಗೆ ಕುಳಿತಿರುತ್ತಾರೆ. ‘ಅದೃಶ್ಯ’ ಎಂಬ ಪದವನ್ನು ಬಳಸುವ ಮುನ್ನ ನಾವು ಅವರನ್ನು ನೆನೆಯಬೇಕು.