ಬೇಡಿಕೆ ಇಲ್ಲವೆಂದು ಹೇಳಿದವರು ಯಾರು?

ಮೊಬೈಲಿಗೂ ಇಂಟರ್‌ನೆಟ್ಟಿಗೂ ಪಟ್ಟಣದಲ್ಲಿ ಬೇಡಿಕೆ ಹೆಚ್ಚು, ಹಳ್ಳಿಗಾಡಿನಲ್ಲಿ ಕಡಿಮೆ. ಆದ್ದರಿಂದ ಟವರುಗಳೂ ಪಟ್ಟಣದಲ್ಲೇ ಹೆಚ್ಚು. ಕಂಪೆನಿಗಳ ಪರವಾಗಿ ಮಾತನಾಡುವವರ ವಾದವಿದು. ಲೆಕ್ಕವೂ ಅವರ ಕಡೆಗೇ ಇದ್ದಂತೆ ಕಾಣುತ್ತದೆ. ಟ್ರಾಯ್ ಸಂಸ್ಥೆಯ 2024ರ ಅಂಕಿಗಳಂತೆ ಪಟ್ಟಣಗಳಲ್ಲಿ ನೂರು ಜನಕ್ಕೆ ಸುಮಾರು 130 ಫೋನ್ ಸಂಪರ್ಕಗಳು, ಹಳ್ಳಿಗಳಲ್ಲಿ 60ರ ಆಸುಪಾಸು. ಬಿಹಾರ ಎಲ್ಲರಿಗಿಂತ ಕೆಳಗೆ, 60ನ್ನೂ ಮುಟ್ಟಿಲ್ಲ. ದೆಹಲಿ 250ನ್ನು ದಾಟಿದೆ.

ಹಾಗಾದರೆ ದೆಹಲಿಯವನಿಗೆ ಎರಡೂವರೆ ಬಾಯಿ, ಬಿಹಾರದವನಿಗೆ ಅರ್ಧ ಬಾಯಿಯೆ? ದೆಹಲಿ ವಲಯವೆಂಬ ಲೆಕ್ಕದಲ್ಲಿ ನೊಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದುಗಳ ಫೋನುಗಳೂ ಸೇರಿವೆ. ಜನಸಂಖ್ಯೆ ಮಾತ್ರ ದೆಹಲಿಯದು. ಅನುಕೂಲವಂತನ ಜೇಬಿನಲ್ಲಿ ಎರಡು ಸಿಮ್ಮು ಇರುತ್ತವೆ. ಇದಕ್ಕಿಂತ ಮುಖ್ಯವಾದದ್ದು, ಬಿಹಾರದಿಂದ ಕೂಲಿಗೆ ಬಂದವನು ದೆಹಲಿಯಲ್ಲಿ ಕೊಂಡ ಸಿಮ್ಮು ದೆಹಲಿಯ ಲೆಕ್ಕಕ್ಕೇ ಹೋಗುತ್ತದೆ. ಅವನು ರಾತ್ರಿ ಮಾತನಾಡುವುದು ಊರಿನಲ್ಲಿರುವ ತಾಯಿಯೊಡನೆ. ಮಾತು ಎರಡೂ ಊರಿನದು. ಬೇಡಿಕೆ ಬರೆದುಕೊಳ್ಳುವುದು ಒಂದೇ ಊರಿನ ಹೆಸರಿನಲ್ಲಿ!

ಅಂಗಡಿ ಇಟ್ಟಿರುವ ಮಿತ್ರರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಬೆಲೆ ಕೇಳಿ ಸುಮ್ಮನೆ ಹೊರಟುಹೋದ ಗಿರಾಕಿಗೆ ಆ ಸಾಮಾನು ಬೇಡವಾಗಿತ್ತೆಂದು ನಿಮ್ಮಲ್ಲಿ ಯಾರೂ ಹೇಳಲಾರಿರಿ. ಕೈಯಲ್ಲಿ ಕಾಸಿಲ್ಲದ ಅವಶ್ಯಕತೆಗೆ ಕಂಪೆನಿಯ ಖಾತೆಪುಸ್ತಕದಲ್ಲಿ ಜಾಗವಿಲ್ಲ, ಅಷ್ಟೇ. ನಾನು ಮೇಷ್ಟರ ಕೆಲಸ ಮಾಡಿದವನು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಶಿವಮೊಗ್ಗ, ಉತ್ತರ ಕನ್ನಡದ ಮಲೆನಾಡು ಹಳ್ಳಿಗಳ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತರು. ಅದು ಬೇಡಿಕೆಯಲ್ಲದೆ ಮತ್ತೇನು?

ಗಿರಣಿಯವರ ವಿಷಯ ನೋಡೋಣ. ಸಂಬಳದ ತಿಂಗಳು 30 ದಿನದ್ದು, ರೀಚಾರ್ಜಿನ ತಿಂಗಳು 28 ದಿನದ್ದು. ವರ್ಷಕ್ಕೆ 12 ಸಂಬಳ, 13 ರೀಚಾರ್ಜು. 2022ರಲ್ಲಿ ಟ್ರಾಯ್ 30 ದಿನದ ಒಂದು ಯೋಜನೆಯನ್ನಾದರೂ ಇಡಬೇಕೆಂದು ಆಜ್ಞೆ ಮಾಡಿತು. 28ರ ಲೆಕ್ಕ ಅದರ ಪಕ್ಕದಲ್ಲೇ ಉಳಿಯಿತು. 2024ರ ಜುಲೈಯಲ್ಲಿ ಖಾಸಗಿ ಕಂಪೆನಿಗಳು ಮೂರೂ ಒಂದೇ ವಾರದೊಳಗೆ ದರ ಏರಿಸಿದುವು. ಬರಿಯ ಮಾತಿಗೆ ಬೇರೆ ದರ ಇಡಬೇಕೆಂಬ ಆಜ್ಞೆ ಆ ವರ್ಷದ ಡಿಸೆಂಬರಿನವರೆಗೂ ಕಾಯಬೇಕಾಯಿತು. ಅಲ್ಲಿಯವರೆಗೆ, ಇಂಟರ್‌ನೆಟ್ಟನ್ನು ಮುಟ್ಟದ ಮುದುಕಿಯೂ ಅದರ ಬೆಲೆ ತೆರುತ್ತಿದ್ದಳು.

ಹಳ್ಳಿಗಳಿಗೆಂದೇ ಒಂದು ನಿಧಿ ಇದೆ. 2002ರಿಂದ ಕಂಪೆನಿಗಳ ಆದಾಯದಲ್ಲಿ ನೂರಕ್ಕೆ 5ರಂತೆ ವಸೂಲಾದ ಹಣವದು. ದೊಡ್ಡ ಮೊತ್ತ ವರ್ಷಗಟ್ಟಲೆ ಖರ್ಚಾಗದೆ ಉಳಿದಿತ್ತು. 2023ರ ಕಾನೂನು ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೊಸ ಹೆಸರಿಟ್ಟಿತು. ಸರ್ಕಾರದ್ದೇ ಆದ ಬಿಎಸ್‌ಎನ್‌ಎಲ್‌ಗೆ ದೇಶವ್ಯಾಪಿ 4ಜಿ ದೊರೆತದ್ದು 2025ರ ಸೆಪ್ಟೆಂಬರಿನಲ್ಲಿ, ಜಿಯೋ ಬಂದು ಒಂಬತ್ತು ವರ್ಷಗಳಾದ ಮೇಲೆ.

ನಿಧಿಯ ಹಣದಲ್ಲಿ ಯಾವ ತಾಲ್ಲೂಕಿಗೆ ಎಷ್ಟು ಬಂತು, ಯಾವ ಊರಿನ ಟವರು ಕಾಗದದ ಮೇಲಿದೆ, ಯಾವುದು ನಿಂತಿದೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಪ್ರತಿ ಪಂಚಾಯಿತಿ ಕಚೇರಿಯ ಬಾಗಿಲಿಗೆ ಅಂಟಿಸಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿರಿ, ಬರವಣಿಗೆಯಲ್ಲಿ ಕೇಳಿರಿ.